ಟಂಗ್‌ಸ್ಟನ್ ಬಿಟ್ಟ ಉಸಿರು

ಭಾನುವಾರ, ಊಟವಾದ ಮೇಲೆ
ಹಾಸ್ಟೆಲ್ ಕೋಣೆ, ಕಿಟಕಿ ಪಕ್ಕದ ಮೇಜು

ಫೋನಿನಲ್ಲಿ ‘ಗ್ಯಾಸ್’ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಕಟ್ ಮಾಡುವ ನನ್ನ ಅಮ್ಮನಿಗೆ, ಕಟ್ ಮಾಡಲು ಬಾರದ ಈ ಕಾಗದದ ಮೂಲಕ ಮಗಳ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ಬದುಕಿದ್ದೇನೆ. ಕೈ, ಕಾಲು, ಬಾಯಿ ಎಲ್ಲವೂ ಇದ್ದಲ್ಲೇ ಇವೆ. ಬಾಯಿ ಇರಬೇಕಾದ್ದಕ್ಕಿಂತ ತುಸು ಹೆಚ್ಚೇ ಇದೆ. ಆದರೆ ನಾನು ಗಂಟುಮೂಟೆ ಕಟ್ಟಿ ಮನೆಗೆ ಬರುತ್ತೇನೋ ಇಲ್ಲವೋ ಎಂಬುದನ್ನು ಈಗಲೇ ಹೇಳುವುದಿಲ್ಲ. ನೀನು ಯಾವ ಪುಸ್ತಕ ಕೈಗೆತ್ತಿಕೊಂಡರೂ ಕೊನೆಯ ಪುಟ ನೋಡಿಯೇ ಮೊದಲ ಪುಟಕ್ಕೆ ಬರುವವಳು. ಅದಕ್ಕೇ ಈ ಕಾಗದಕ್ಕೆ ಪುಟಸಂಖ್ಯೆ ಹಾಕಿಲ್ಲ, ಹಾಳೆಗಳಿಗೆ ಪಿನ್ನೂ ಚುಚ್ಚಿಲ್ಲ. ನೀನು ಜೋಡಿಸಿಕೊಳ್ಳುವಷ್ಟರಲ್ಲಿ ಓದಿ ಮುಗಿದಿರುತ್ತದೆ.

ಹೋದ ವಾರ ನಾನು ಹೇಳಿದ್ದು ಅಪ್ಪನಿಗೆ, ಅದೂ ಗುಟ್ಟಾಗಿ. ಅಪ್ಪನ ಹತ್ತಿರ ಗುಟ್ಟು ಹೇಳುವುದೆಂದರೆ ಧ್ವನಿವರ್ಧಕಕ್ಕೆ ಪಿಸುಗುಟ್ಟಿದಂತೆ ಎಂಬುದನ್ನು ನಾನು ಮರೆಯಬಾರದಿತ್ತು. ಲ್ಯಾಬಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹೊಡೆದುಕೊಂಡಿತು, ನನ್ನ ಫ್ಲಾಸ್ಕಿನಿಂದಲೇ ಬಂದಿರಬೇಕು ಅಂತಿದಾರೆ, ಅಮ್ಮನಿಗೆ ಮಾತ್ರ ಹೇಳ್ಬೇಡ ಎಂದು ವಾಕ್ಯ ಮುಗಿಸುವ ಮುಂಚೆಯೇ ಫೋನು ನಿನ್ನ ಕೈಯಲ್ಲಿತ್ತು. ‘ಅದೇ ಗ್ಯಾಸಾ?’ ಎಂದೆ ನೀನು. ಗೊತ್ತಿಲ್ಲಮ್ಮ, ಪರೀಕ್ಷೆ ಮಾಡ್ತಾರಂತೆ ಎಂದೆ ನಾನು. ‘ಅದೇ ಆಗಿದ್ರೆ ಬಟ್ಟೆ ಕಟ್ಕೊಂಡು ಸೀದಾ ಬಾ. ಡಿಗ್ರಿಯೂ ಬೇಡ, ಗಿಗ್ರಿಯೂ ಬೇಡ. ಮಾತು ಕೊಡು’ ಎಂದೆ ನೀನು. ಕೊಟ್ಟೆ. ಕೊಟ್ಟ ಮೇಲೆ ‘ಆದ್ರೆ ಅಮ್ಮಾ, ಆ ಗ್ಯಾಸ್...’ ಎಂದು ಶುರುಮಾಡಿದೆ. ಕಟ್.

ನಿನ್ನ ಮೇಲೆ ಕೋಪವಿಲ್ಲ. ತುರ್ತು ವಾರ್ಡಿನಲ್ಲಿ ಇಷ್ಟು ವರ್ಷ ನರ್ಸಾಗಿ ನಿಂತವಳು ನೀನು. ಚಳಿಗೆ ಕಿಟಕಿ ಮುಚ್ಚಿ, ಕೋಣೆಯೊಳಗೆ ಇದ್ದಿಲು ಉರಿಸಿಕೊಂಡು ಮಲಗಿದ್ದ ಆ ಸಂಸಾರವನ್ನು ಸ್ಟ್ರೆಚರ್ ಮೇಲೆ ತಂದಾಗ ಅವರ ಕೆನ್ನೆ ಎಷ್ಟು ಚೆನ್ನಾಗಿ ಕೆಂಪಗಿತ್ತೆಂದರೆ, ‘ಇವರಿಗೇನೂ ಆಗಿಲ್ಲ’ ಎಂದುಕೊಂಡೆಯಂತೆ. ಆ ಕೆಂಪು ಇದೇ ಗ್ಯಾಸಿನದೆಂದು ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿತ್ತು. ಆ ಕಥೆಯನ್ನು ನೀನು ಒಂದೇ ಸಲ ಹೇಳಿದ್ದು. ಉಳಿದ ಕಥೆಗಳನ್ನೆಲ್ಲ ಹತ್ತಾರು ಸಲ ಹೇಳುವವಳು ಇದನ್ನು ಒಂದೇ ಸಲ ಹೇಳಿ ಸುಮ್ಮನಾದೆ ಎಂದರೆ ಅದರ ಅರ್ಥ ನನಗಾಗುವುದಿಲ್ಲವೇ? ನಾನು ಪಿಎಚ್.ಡಿ.ಗೆ ಈ ವಿಷಯ ಆರಿಸಿಕೊಂಡಾಗ, ‘ವಿಷಯ ಅನ್ನೋದ್ರಲ್ಲಿ ಮೊದಲೆರಡು ಅಕ್ಷರ ಏನು ಅಂತ ನೋಡ್ಕೊಂಡ್ಯಾ?’ ಎಂದು ನೀನು ಕೇಳಿದ್ದೆ. ನಾನು ನಕ್ಕೆ, ನೀನು ನಗಲಿಲ್ಲ. ಮೂರನೆಯ ಅಕ್ಷರವನ್ನೂ ನೋಡಮ್ಮ ಎನ್ನಬಹುದಿತ್ತು. ಆದರೆ ‘ಯ’ ಒಂದನ್ನೇ ಹಿಡಿದುಕೊಂಡು ಯಾರು ತಾನೇ ಏನು ವಾದ ಮಾಡಿಯಾರು?

ಈಗ ನನ್ನ ಫ್ಲಾಸ್ಕಿನಲ್ಲಿ ಏನು ನಡೆಯುತ್ತದೆ ಎಂದು ನಿನ್ನ ವಾರ್ಡಿನ ಭಾಷೆಯಲ್ಲೇ ಹೇಳುತ್ತೇನೆ. ಅದು ತಿಳಿಯದೆ ಮುಂದಿನ ತಮಾಷೆ ಅರ್ಥವಾಗುವುದಿಲ್ಲ.

ನಿನ್ನ ರೋಗಿಯ ರಕ್ತದಲ್ಲಿ ಕಬ್ಬಿಣವಿದೆ. ಆಮ್ಲಜನಕ ಕೂರಬೇಕಾದ ಆ ಕಬ್ಬಿಣದ ಮಗ್ಗುಲಲ್ಲಿ ಕಾರ್ಬನ್ ಮಾನಾಕ್ಸೈಡ್ ಬಂದು ಕೂತು, ಎದ್ದೇಳು ಎಂದರೂ ಏಳುವುದಿಲ್ಲ. ಅದಕ್ಕಿರುವುದು ಒಂದು ಕಾರ್ಬನ್, ಒಂದು ಆಮ್ಲಜನಕ. ಲೋಹವನ್ನು ಹಿಡಿದುಕೊಳ್ಳುವುದು ಕಾರ್ಬನ್ ತುದಿಯಿಂದ. ನನ್ನ ಫ್ಲಾಸ್ಕಿನಲ್ಲೂ ಇದೇ ಸಂಸಾರ, ಯಜಮಾನ ಮಾತ್ರ ಬೇರೆ: ಕಬ್ಬಿಣದ ಬದಲು ಟಂಗ್‌ಸ್ಟನ್, ಹಳೆಯ ಬಲ್ಬಿನ ತಂತಿಯ ಲೋಹ. ಒಂದು ಟಂಗ್‌ಸ್ಟನ್ ಸುತ್ತ ಆರು ಕಾರ್ಬನ್ ಮಾನಾಕ್ಸೈಡ್. ನೋಡಲು ಸಕ್ಕರೆಯಂಥ ಬಿಳಿ ಹರಳು. ನೆಕ್ಕಿ ನೋಡಿಲ್ಲ, ಗಾಬರಿಯಾಗಬೇಡ. ಹೀಗೆ ಲೋಹಕ್ಕೆ ಅಂಟಿ ಕೂತವುಗಳಿಗೆ ಲಿಗ್ಯಾಂಡ್ ಎಂದು ಹೆಸರು. ನನ್ನ ಕೆಲಸ ಆರರಲ್ಲಿ ಒಂದನ್ನು ಎಬ್ಬಿಸಿ, ಆ ಜಾಗದಲ್ಲಿ ಬೇರೆಯವರನ್ನು ಕೂರಿಸುವುದು.

ಎಬ್ಬಿಸುವುದು ಹೇಗೆ? ಅದಕ್ಕೊಬ್ಬ ಆಸಾಮಿ ಇದ್ದಾನೆ, ನ್ಯೂಕ್ಲಿಯೋಫೈಲ್ ಎಂದು. ಕಚೇರಿಯ ಫೈಲಿನಂತೆ ಇಟ್ಟಲ್ಲೇ ಇರುವ ಫೈಲಲ್ಲ ಇದು, ತಾನೇ ಓಡಿಹೋಗಿ ಮೇಜು ಹುಡುಕುವ ಫೈಲು. ಕೈತುಂಬ ಎಲೆಕ್ಟ್ರಾನು ಇಟ್ಟುಕೊಂಡು, ಎಲೆಕ್ಟ್ರಾನಿಗೆ ಬರಗೆಟ್ಟವರು ಯಾರಿದ್ದಾರೆ ಎಂದು ಅಲೆಯುತ್ತಿರುತ್ತದೆ. ಒಂಟಿಯಾಗಿ ಅಲೆಯುವ ಕಾರ್ಬನ್ ಮಾನಾಕ್ಸೈಡ್ ಈ ಫೈಲಿಗೆ ಅಷ್ಟು ಸುಲಭಕ್ಕೆ ಸೊಪ್ಪು ಹಾಕುವುದಿಲ್ಲ. ಆದರೆ ಲೋಹದ ಮನೆ ಸೇರಿದ ಮೇಲೆ ಅದರ ಕಾರ್ಬನ್ ತನ್ನ ಎಲೆಕ್ಟ್ರಾನುಗಳನ್ನು ಲೋಹಕ್ಕೆ ಒಪ್ಪಿಸಿ ಬಡವಾಗುತ್ತದೆ. ಲೋಹವೂ ಕಲ್ಲೆದೆಯದಲ್ಲ, ಹಿಂಬಾಗಿಲಿನಿಂದ ಒಂದಷ್ಟು ವಾಪಸು ಕೊಡುತ್ತದೆ. ಲೋಹಕ್ಕೂ ಮೋಹ ಉಂಟು. ಧಾರಾಳವಾಗಿ ಕೊಡುವ ಲೋಹವಾದರೆ ಕಾರ್ಬನ್ ತೃಪ್ತಿಯಿಂದ ಇರುತ್ತದೆ, ಫೈಲು ಬಂದ ದಾರಿಗೆ ಸುಂಕವಿಲ್ಲವೆಂದು ಹೋಗುತ್ತದೆ. ಆದರೆ ಒಂದೇ ಹಿಂಬಾಗಿಲಿನ ಮುಂದೆ ಆರು ಜನ ಕೈಚಾಚಿ ನಿಂತರೆ ತಲೆಗೆಷ್ಟು ಬಂದೀತು? ಆ ಅರೆಹೊಟ್ಟೆಯ ಕಾರ್ಬನ್ನಿನ ಮೇಲೆ ನನ್ನ ಫೈಲು ಬೀಳುತ್ತದೆ. ಲೋಹದ ಮೇಲಲ್ಲ, ಅದಕ್ಕಂಟಿದ ಕಾರ್ಬನ್ ಮೇಲೆ. ಮನೆ ಯಜಮಾನನನ್ನು ಮುಟ್ಟದೆ ಅತಿಥಿಯ ಕೈಹಿಡಿದು ಎಬ್ಬಿಸುವ ಉಪಾಯ.

ನಾನು ಬಳಸುವ ಫೈಲಿನ ಹೆಸರು ಟ್ರೈಮೀಥೈಲ್ ಅಮೈನ್ ಆಕ್ಸೈಡ್. (ಇದನ್ನು ಅಪ್ಪ ಗಟ್ಟಿಯಾಗಿ ಓದಲಿ, ಹಲ್ಲಿಗೆ ವ್ಯಾಯಾಮ.) ಅದರ ಒಂದು ತುದಿಯಲ್ಲಿ ಆಮ್ಲಜನಕವಿದೆ. ಅದು ಕಾರ್ಬನ್ನಿಗೆ ಆ ಆಮ್ಲಜನಕವನ್ನು ಅಂಟಿಸುತ್ತದೆ. ಒಂದು ಆಮ್ಲಜನಕವಿದ್ದ ಕಾರ್ಬನ್ನಿಗೆ ಈಗ ಎರಡಾದವು. ಅಂದರೆ ಕಾರ್ಬನ್ ಮಾನಾಕ್ಸೈಡ್ ಹೋಗಿ ಕಾರ್ಬನ್ ಡೈಆಕ್ಸೈಡ್ ಆಯಿತು. ಸೋಡಾ ಬಾಟಲಿಯ ಗುಳ್ಳೆ! ಅದಕ್ಕೆ ಲೋಹದ ಮೇಲೆ ಹಿಡಿತವಿಲ್ಲ, ಬುಳಕ್ಕನೆ ಹೊರಟುಹೋಗುತ್ತದೆ. ಖಾಲಿಯಾದ ಸೀಟಿಗೆ ದ್ರಾವಕದ ಒಂದು ಅಣು, ಬಸ್ಸಿನಲ್ಲಿ ಕರ್ಚೀಫು ಹಾಕಿದ ಹಾಗೆ, ತಾತ್ಕಾಲಿಕವಾಗಿ ಬಂದು ಕೂರುತ್ತದೆ. ನೀನು ರೋಗಿಯ ಮೂಗಿಗೆ ಮಾಸ್ಕ್ ಕಟ್ಟಿ ಆಮ್ಲಜನಕ ಕೊಟ್ಟು ಕಬ್ಬಿಣವನ್ನು ಬಿಡಿಸುತ್ತೀಯ, ನಾನು ಫ್ಲಾಸ್ಕಿಗೆ ಆಮ್ಲಜನಕ ಕೊಟ್ಟು ಟಂಗ್‌ಸ್ಟನ್ನನ್ನು ಬಿಡಿಸುತ್ತೇನೆ. ನಿನ್ನ ದಾರಿ ಬೇರೆ, ನನ್ನ ದಾರಿ ಬೇರೆ. ಔಷಧ ಮಾತ್ರ ಒಂದೇ ಅಂಗಡಿಯದು.

ಒಂದೇ ತೊಂದರೆ. ಆಮ್ಲಜನಕ ಕಳೆದುಕೊಂಡ ಅಮೈನ್ ನಾರುತ್ತದೆ. ಸಾಮಾನ್ಯ ನಾತವಲ್ಲ, ಮಾರಾಟವಾಗದೆ ಉಳಿದ ಮೀನಿನ ನಾತ. ಇದು ಹೋಲಿಕೆಯಲ್ಲ, ಅಪ್ಪಟ ನಿಜ: ಕಡಲ ಮೀನಿನ ಮೈಯಲ್ಲಿರುವುದೂ ಇದೇ ಅಮೈನ್ ಆಕ್ಸೈಡು, ಮೀನು ಹಳತಾದಾಗ ಬರುವುದೂ ಇದೇ ವಾಸನೆ. ಹಾಗಾಗಿ ನಮ್ಮ ಮಹಡಿಯಲ್ಲಿ ನನ್ನ ಅಡ್ಡಹೆಸರು ‘ಮೀನಾಕ್ಷಿ’. ಕಣ್ಣು ನೋಡಿ ಇಟ್ಟದ್ದು ಎಂದು ನಾನು ಹೇಳಿಕೊಂಡು ತಿರುಗುತ್ತೇನೆ; ಮೂಗಿರುವವರು ಯಾರೂ ನಂಬುವುದಿಲ್ಲ.

ಇನ್ನು ಅಲಾರಂ ಹೊಡೆದ ದಿನದ ಕಥೆ. ಮಧ್ಯಾಹ್ನ. ನನ್ನ ಪ್ರಯೋಗ ಅರ್ಧಕ್ಕೆ ಬಂದಿತ್ತು, ಬಿಳಿ ಹರಳು ಕರಗಿ ದ್ರಾವಣ ಹಳದಿಗೆ ತಿರುಗುತ್ತಿತ್ತು, ಮೀನಿನ ವಾಸನೆ ಆಗಲೇ ಕಾರಿಡಾರಿಗೆ ಹೊರಟಿತ್ತು. ಗೋಡೆಯ ಮೇಲಿನ ಕಾರ್ಬನ್ ಮಾನಾಕ್ಸೈಡ್ ಪತ್ತೆ ಯಂತ್ರ ಇದ್ದಕ್ಕಿದ್ದಂತೆ ಕೂಗಿತು. ಎಲ್ಲರೂ ಕೆಳಗಿನ ಅಂಗಳಕ್ಕೆ ಓಡಿದೆವು. ನಮ್ಮ ಗೈಡು ಬಂದರು. ಅವರನ್ನು ನಾವು ‘ಹೂಂ ಸರ್’ ಎನ್ನುತ್ತೇವೆ, ಯಾಕೆಂದರೆ ಅವರು ಮಾತಾಡುವುದು ಅಷ್ಟೇ. ಉದ್ದ ಹೂಂ ಎಂದರೆ ಸಂತೋಷ, ಗಿಡ್ಡ ಹೂಂ ಎಂದರೆ ಸಂಶಯ. ನನ್ನನ್ನು ನೋಡಿ ಗಿಡ್ಡ ಹೂಂ ಎಂದರು. ಇಡೀ ಮಹಡಿಯಲ್ಲಿ ಆ ಹೆಸರಿನ ಅನಿಲಕ್ಕೆ ಸಂಬಂಧಪಟ್ಟ ಸಾಮಾನು ಇದ್ದುದು ನನ್ನ ಫ್ಲಾಸ್ಕಿನಲ್ಲಿ ಮಾತ್ರ. ಇನ್ಯಾರ ಮೇಲೆ ಬೆರಳು ತೋರಿಸುತ್ತಾರೆ? ಸಂಜೆಗೆ ನನ್ನ ಹುಡ್ಡಿನ, ಅಂದರೆ ಹೊಗೆ ಹೀರಿ ಹೊರಗಟ್ಟುವ ಗೂಡಿನ, ಗಾಜಿನ ಮೇಲೆ ‘ಕೆಲಸ ನಿಲ್ಲಿಸಲಾಗಿದೆ’ ಎಂಬ ಚೀಟಿ ಬಿತ್ತು. ಪ್ರಯೋಗಾಲಯದಲ್ಲಿ ಪ್ರಯೋಗ ಹೋಗಿ ಲಯ ಮಾತ್ರ ಉಳಿಯಿತು.

ಸುರಕ್ಷತಾ ಸಮಿತಿ ಗುರುವಾರ ಕೂರುವುದೆಂದಾಯಿತು. ಸಮಿತಿ ಎಂದರೆ ಹೆಸರಿನಲ್ಲೇ ಮಿತಿಯಿದೆ ಎಂದು ಧೈರ್ಯ ತಂದುಕೊಂಡಿದ್ದೆ. ಅದರ ಮುಖ್ಯಸ್ಥೆ ಸುರಕ್ಷತಾ ಮೇಡಂ ಅವರನ್ನು ನೋಡಿದ ಮೇಲೆ ಆ ಧೈರ್ಯವೂ ಹೋಯಿತು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅವರು ಹೇಳಿದ್ದು ಇಷ್ಟು: ‘ನೋಡಮ್ಮ, ಪುಸ್ತಕದಲ್ಲಿ ಏನಿದೆ ಅನ್ನೋದು ಬೇಡ. ನಮ್ಮೆದುರಿಗೆ ಮಾಡಿ ತೋರಿಸು. ನಿನ್ನ ಫ್ಲಾಸ್ಕಿಂದ ಬರೋದು ಮಾನಾಕ್ಸೈಡು ಅಂತಾದ್ರೆ ಈ ಕಟ್ಟಡದಲ್ಲಿ ಈ ಕೆಲಸ ಮುಗೀತು.’ ಹೂಂ ಸರ್ ಮೊದಲ ಬಾರಿಗೆ ಹೂಂ ಎನ್ನಲಿಲ್ಲ. ಅದರಿಂದ ನನಗೆ ಇನ್ನೂ ಭಯವಾಯಿತು.

ಭಯ ಯಾಕೆಂದರೆ ಅಮ್ಮಾ, ನಾನು ಇಷ್ಟು ಹೊತ್ತು ನಿನಗೆ ಬಿಡಿಸಿ ಹೇಳಿದ್ದೆಲ್ಲ ನನಗೆ ಬಾಯಿಪಾಠ. ಆದರೆ ನಾನು ನನ್ನ ಫ್ಲಾಸ್ಕಿನ ಒಳಗನ್ನು ಅಳೆದಿದ್ದೆನೇ ಹೊರತು, ಅದು ಹೊರಗೆ ಬಿಟ್ಟ ಉಸಿರನ್ನು ಒಂದು ದಿನವೂ ಅಳೆದಿರಲಿಲ್ಲ. ಯಾರೂ ಅಳೆಯುವುದಿಲ್ಲ. ನಮಗೆ ಬೇಕಾದ್ದು ಫ್ಲಾಸ್ಕಿನಲ್ಲಿ ಉಳಿಯುತ್ತದೆ. ಹೋದದ್ದು ಹುಡ್ಡಿನ ಚಿಮಣಿಗೆ, ಚಿಮಣಿಯಿಂದ ಆಕಾಶಕ್ಕೆ. ಕಾರ್ಬನ್ ಮಾನಾಕ್ಸೈಡು ಒಂದಿಷ್ಟು ಹಾಗ್ಹಾಗೇ ಜಾರಿ ಬರುತ್ತಿದ್ದರೆ? ಪುಸ್ತಕ ಸುಳ್ಳು ಹೇಳುವುದಿಲ್ಲ, ಸರಿ. ನನ್ನ ಕೈ?

ಗುರುವಾರ ಬಂತು. ಹೆಸರಿಗೆ ಗುರುಗಳ ವಾರ, ಹಾಜರಿ ಮಾತ್ರ ಇಡೀ ಮಹಡಿಯದು. ಬೇರೆಯವರ ಪರೀಕ್ಷೆ ನೋಡಲು ಯಾರಿಗೆ ಬೇಜಾರು? ನನ್ನ ಫ್ಲಾಸ್ಕು, ಅದರಿಂದ ಹೊರಟ ಗಾಳಿ ಮೊದಲು ಆಮ್ಲದ ಬಾಟಲಿಗೆ, ಮೀನಿನ ವಾಸನೆ ಅಲ್ಲೇ ಉಳಿಯಲಿ ಎಂದು, ಅಲ್ಲಿಂದ ಸುಣ್ಣದ ತಿಳಿನೀರಿನ ಬಾಟಲಿಗೆ. ಕಾರ್ಬನ್ ಡೈಆಕ್ಸೈಡ್ ಬಂದರೆ ಸುಣ್ಣದ ನೀರು ಹಾಲಿನಂತಾಗಬೇಕು. ನೀನೂ ಶಾಲೆಯಲ್ಲಿ ಕೊಳವೆಯಿಂದ ಊದಿ ನೋಡಿರುತ್ತೀಯ. ಆ ಬಾಟಲಿಯ ಬಾಯಲ್ಲಿ ಸುರಕ್ಷತಾ ಮೇಡಂ ತಾವೇ ಕೈಯಳತೆಯ ಪತ್ತೆ ಯಂತ್ರ ಹಿಡಿದು ಕುರ್ಚಿ ಹಾಕಿಕೊಂಡು ಕೂತರು, ವರನ ಬಾಯಿಂದ ಏನಾದರೂ ತಪ್ಪು ಮಾತು ಬರುತ್ತದೋ ಎಂದು ಕಾಯುವ ಹೆಣ್ಣಿನ ಕಡೆಯ ಅತ್ತೆಯಂತೆ.

ಅಮೈನ್ ಆಕ್ಸೈಡ್ ಹಾಕಿದೆ. ಕಲಕಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಗುಳ್ಳೆ, ಇನ್ನೊಂದು. ದ್ರಾವಣಕ್ಕೆ ಹಳದಿ ಬಂತು. ಮೇಡಂ ಯಂತ್ರದ ಮೇಲೆ ಸೊನ್ನೆ. ಸುಣ್ಣದ ನೀರೂ ತಿಳಿಯಾಗಿಯೇ ಇತ್ತು. ಹೂಂ ಸರ್ ಬಗ್ಗಿ ನೋಡಿದರು. ನಾನೂ ಬಗ್ಗಿದೆ. ಕೊಳವೆಯ ತುದಿಯಲ್ಲಿ ಒಂದು ಮಬ್ಬು ಎಳೆ, ತೊಳೆದ ಅಕ್ಕಿಯ ನೀರಿನ ಹಾಗೆ. ಎಳೆ ಹರಡಿತು. ಬಾಟಲಿ ಹಾಲಾಯಿತು. ಯಂತ್ರದ ಮೇಲೆ ಇನ್ನೂ ಸೊನ್ನೆ. ನಾನು ಪರೀಕ್ಷೆಗಳಲ್ಲಿ ಎಷ್ಟೋ ಸೊನ್ನೆ ನೋಡಿದವಳು, ಇಷ್ಟು ಮುದ್ದಾದ ಸೊನ್ನೆಯನ್ನು ನೋಡಿರಲಿಲ್ಲ.

‘ಸರಿ, ಇದಲ್ಲ. ಹಾಗಾದ್ರೆ ಆವತ್ತು ಕೂಗಿದ್ದು ಯಾಕೆ?’ ಎಂದರು ಮೇಡಂ. ನ್ಯಾಯವಾದ ಪ್ರಶ್ನೆ. ಉತ್ತರ ಸಿಗದಿದ್ದರೆ ಚೀಟಿ ಅಲ್ಲೇ ಇರುತ್ತದೆ ಎಂಬುದು ಸಮಿತಿಯವರ ಮುಖದಲ್ಲೇ ಕಾಣುತ್ತಿತ್ತು. ಅಷ್ಟರಲ್ಲಿ ನನ್ನ ಪಕ್ಕದ ಬೆಂಚಿನವನು ಏನಾಯ್ತು ಎಂದು ನೋಡಲು ಬಂದ. ನನಗಿಂತ ಎರಡು ವರ್ಷ ಹಿರಿಯ, ನಾವೆಲ್ಲ ‘ಬಲೂನಣ್ಣ’ ಎನ್ನುತ್ತೇವೆ. ಅವನ ಪ್ರಯೋಗಗಳಿಗೆ ಹೈಡ್ರೋಜನ್ ಬೇಕು, ಅದನ್ನು ಬಲೂನಿಗೆ ತುಂಬಿ ಸೂಜಿಯ ಮೂಲಕ ಫ್ಲಾಸ್ಕಿಗೆ ಬಿಡುತ್ತಾನೆ. ಬಲೂನು ಕೈಯಲ್ಲೇ ಇತ್ತು. ಅವನು ಮೇಡಂ ಹೆಗಲ ಮೇಲಿಂದ ಇಣುಕಿದ್ದೇ ತಡ, ಯಂತ್ರ ಅರಚಿಕೊಂಡಿತು.

ಎಲ್ಲರೂ ಒಂದು ಹೆಜ್ಜೆ ಹಿಂದೆ. ಬಲೂನಣ್ಣ ಎಲ್ಲರಿಗಿಂತ ಮೊದಲು ಬಾಗಿಲಿಗೆ ಓಡಿದ. ಯಂತ್ರ ನಿಧಾನವಾಗಿ ಸುಮ್ಮನಾಯಿತು. ಅವನು ‘ನಿಂತ್ಹೋಯ್ತಾ?’ ಎಂದು ವಾಪಸು ಬಂದ. ಮತ್ತೆ ಅರಚಿತು. ಮೇಡಂ ಕನ್ನಡಕ ಮೇಲೇರಿಸಿ, ‘ಏಯ್, ನೀನು ಸ್ವಲ್ಪ ಹೊರಗೆ ಹೋಗು’ ಎಂದರು. ಹೋದ. ಮೌನ. ‘ಒಳಗೆ ಬಾ.’ ಬಂದ. ಕಿರುಚಾಟ. ‘ಹೊರಗೆ.’ ಮೌನ. ‘ಬಲೂನು ಅಲ್ಲೇ ಬಿಟ್ಟು ಒಳಗೆ ಬಾ.’ ಬಂದ. ಯಂತ್ರ ಅವನನ್ನು ಗುರುತೇ ಹಿಡಿಯಲಿಲ್ಲ. ‘ನನಗೇನೂ ಇಲ್ಲ ಮೇಡಂ, ನಾನು ದಿನಾ ಸ್ನಾನ ಮಾಡ್ತೀನಿ’ ಎಂದ ಬಡಪಾಯಿ. ಆಗ ಹೂಂ ಸರ್ ಒಂದು ಉದ್ದನೆಯ ಹೂಂ ಎಂದರು. ನಮ್ಮ ಮಹಡಿಯ ಚರಿತ್ರೆಯಲ್ಲೇ ಅಷ್ಟು ಉದ್ದದ ಹೂಂ ಕೇಳಿದವರಿಲ್ಲ.

ಸಂಗತಿ ಇಷ್ಟು. ಈ ಪತ್ತೆ ಯಂತ್ರಗಳಿಗೆ ಹೈಡ್ರೋಜನ್ನೂ ಕಾರ್ಬನ್ ಮಾನಾಕ್ಸೈಡೂ ಒಂದೇ ಥರ ಕಾಣುತ್ತವೆ, ಕನ್ನಡಕವಿಲ್ಲದ ಅಪ್ಪನಿಗೆ ಸಕ್ಕರೆ ಡಬ್ಬಿ, ಉಪ್ಪಿನ ಡಬ್ಬಿ ಕಂಡ ಹಾಗೆ. ಬಲೂನಿನ ರಬ್ಬರಿನಿಂದ ಹೈಡ್ರೋಜನ್ ಸದಾ ಸೋರುತ್ತಿರುತ್ತದೆ. ಆವತ್ತು ಬಲೂನಣ್ಣ ಹೊಸ ಬಲೂನು ತುಂಬುತ್ತ ನಿಂತಿದ್ದುದು ಆ ಗೋಡೆಯ ಯಂತ್ರದ ನೇರ ಕೆಳಗೆ, ಯಾಕೆಂದರೆ ಅಲ್ಲಿ ನನ್ನ ಮೀನಿನ ವಾಸನೆ ಕಡಿಮೆಯಂತೆ! ವಾಸನೆಗೆ ಹೆದರಿ ಓಡಿದವನೇ ನನ್ನ ತಲೆಗೆ ಕೊಲೆ ಆರೋಪ ಕಟ್ಟಿದ್ದ. ಮೇಡಂ ಅವನಿಗೆ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆದರೆ ಅಂಚೆಯವರು ಕಾಗದ ಒಯ್ಯುವುದಿಲ್ಲ. ಹೈಡ್ರೋಜನ್ ಹಿಡಿದು ಕಾರಿಡಾರಿನಲ್ಲಿ ತಿರುಗುವುದು ಏನು ಸಾಮಾನ್ಯವೇ? ಇನ್ನು ಮುಂದೆ ಬಲೂನು ಹುಡ್ಡಿನೊಳಗೇ ಹುಟ್ಟಿ ಹುಡ್ಡಿನೊಳಗೇ ಸಾಯಬೇಕು ಎಂದು ಆಜ್ಞೆಯಾಯಿತು. ನನ್ನ ಚೀಟಿ ಕಿತ್ತರು. ಅಂಟು ಮಾತ್ರ ಇನ್ನೂ ಗಾಜಿನ ಮೇಲಿದೆ, ಉಗುರಿನಲ್ಲಿ ಕೆರೆಯುತ್ತಿದ್ದೇನೆ. ಮೀನಿನ ವಾಸನೆಯ ವಿಷಯದಲ್ಲಿ ಸಮಿತಿಗೆ ಅಧಿಕಾರವಿಲ್ಲ ಎಂದೂ ಮೇಡಂ ಮೂಗು ಮುಚ್ಚಿಕೊಂಡೇ ಘೋಷಿಸಿದರು.

ಎಲ್ಲರೂ ಹೋದ ಮೇಲೆ ಹೂಂ ಸರ್ ಒಂದು ಇಡೀ ವಾಕ್ಯ ಮಾತಾಡಿದರು. ‘ಶುರುವಿನಲ್ಲಿ ನಾನು ಹೇಳಿದ ಹಾಗೆ ದೀಪ ಹಾಕಿದ್ದಿದ್ರೆ ಇವತ್ತು ಸಿಕ್ಕಿಹಾಕ್ಕೋತಿದ್ದೆ’ ಎಂದರು. ಅದು ನಿಜ. ಲೋಹದಿಂದ ಲಿಗ್ಯಾಂಡ್ ಎಬ್ಬಿಸಲು ಇನ್ನೊಂದು ದಾರಿಯಿದೆ: ಜೋರು ಬೆಳಕು ಬಿಟ್ಟರೆ ಸಾಕು, ಕಾರ್ಬನ್ ಮಾನಾಕ್ಸೈಡ್ ಇದ್ದ ಹಾಗೇ ಎದ್ದು ಹೊರಗೆ ಬರುತ್ತದೆ. ನಾತವಿಲ್ಲ, ರಗಳೆಯಿಲ್ಲ. ಎಲ್ಲರೂ ಅದನ್ನೇ ಹೇಳಿದ್ದರು. ನಾನೇ ಹಟ ಹಿಡಿದು ಈ ನಾರುವ ದಾರಿ ಹಿಡಿದೆ. ಯಾಕೆ ಎಂದು ಅವರು ಆಗ ಕೇಳಿದಾಗ, ಇದರಲ್ಲಿ ಒಂದನ್ನು ಎಬ್ಬಿಸಿದರೆ ಉಳಿದ ಐದಕ್ಕೆ ಹಿಂಬಾಗಿಲಿನ ಪಾಲು ಹೆಚ್ಚಾಗಿ ಗಟ್ಟಿಯಾಗಿ ಕೂರುತ್ತವೆ, ಹಾಗಾಗಿ ಬೇಕಾದಷ್ಟಕ್ಕೇ ನಿಲ್ಲಿಸಬಹುದು ಸರ್ ಎಂದು ಪಾಂಡಿತ್ಯ ಒದರಿದ್ದೆ. ಅದೂ ನಿಜವೇ. ಆದರೆ ಬಾಗಿಲ ಹೊರಗೆ ಹೋಗುವ ಗಾಳಿ ಯಾವ ರೂಪದಲ್ಲಿ ಹೋಗುತ್ತದೆ ಎಂದು ಮೊದಲು ಯೋಚಿಸುವ ಚಾಳಿ ನನಗೆ ಯಾರಿಂದ ಬಂತು ಎಂದು ಅವರಿಗೆ ಹೇಗೆ ಹೇಳಲಿ? ನಿನ್ನನ್ನು ಅವರು ನೋಡಿಯೇ ಇಲ್ಲ.

ಆಮೇಲೆ ನಾನು ಮೆಟ್ಟಿಲ ಮೇಲೆ ಕೂತು ಸುಮ್ಮನೆ ನಕ್ಕೆ. ಬಲೂನಣ್ಣ ಒಂದು ಕಪ್ ಚಹಾ ತಂದು ಕೊಟ್ಟು, ‘ಮೀನಾಕ್ಷಿ, ಕ್ಷಮಿಸಿಬಿಡೇ’ ಎಂದ. ಕ್ಷಮಿಸಿದೆ. ಸಕ್ಕರೆ ಕಡಿಮೆಯಿತ್ತು, ಅದನ್ನು ಕ್ಷಮಿಸಲಿಲ್ಲ, ಇನ್ನೊಂದು ತರಿಸಿದೆ. ಒಂದು ವಾರದಿಂದ ತಟ್ಟೆಯನ್ನು ಅರ್ಧಕ್ಕೇ ಬಿಟ್ಟೇಳುತ್ತಿದ್ದೆ. ಆ ರಾತ್ರಿ ಮೆಸ್ಸಿನವರು ‘ಇನ್ನೂ ಬೇಕಾ?’ ಎಂದು ಕೇಳುವುದನ್ನೇ ನಿಲ್ಲಿಸಿ ಪಾತ್ರೆಯನ್ನೇ ಮುಂದಿಟ್ಟರು.

ಹಾಗಾಗಿ ಅಮ್ಮಾ, ಮಾತು ಮಾತೇ. ‘ಅದೇ ಗ್ಯಾಸ್ ಆಗಿದ್ರೆ’ ಬರುತ್ತೇನೆ ಎಂದಿದ್ದೆ. ಅದಲ್ಲ. ಬಟ್ಟೆ ಕಪಾಟಿನಲ್ಲೇ ಇದೆ. ಆದರೂ ಕೆಲಸಕ್ಕೆ ಒಂದು ಬಿಡುವು ಸಿಕ್ಕಾಗ ಬರುತ್ತೇನೆ, ಬರಿಗೈಯಲ್ಲಿ, ಬರಿಯ ಮಗಳಾಗಿ. ಬಾಗಿಲಲ್ಲೇ ನಿಲ್ಲಿಸಿ ಮೂಸಿ ನೋಡಿ ಒಳಗೆ ಬಿಟ್ಟುಕೋ. ಅಪ್ಪನಿಗೆ ಇಷ್ಟು ಹೇಳು: ಈ ಸಲ ಎಲ್ಲರಿಗೂ ಹೇಳಬಹುದು, ಗುಟ್ಟಿಲ್ಲ.

ಇತಿ, ಉಸಿರಾಡುತ್ತಿರುವ,
ನಿನ್ನ ಬಾಯಾಳಿ

ಮತ್ತೆ: ಒಂದನ್ನು ಬಿಟ್ಟಿದ್ದೆ. ಅಲಾರಂ ಹೊಡೆದ ಮಧ್ಯಾಹ್ನ, ಎಲ್ಲರೂ ಅಂಗಳದಲ್ಲಿ ಹರಟುತ್ತಿದ್ದಾಗ, ನಾನು ಯಾರಿಗೂ ಹೇಳದೆ ಆಚೆ ಬೀದಿಯ ಆಸ್ಪತ್ರೆಗೆ ಹೋಗಿ ಆ ಗ್ಯಾಸಿನ ಪರೀಕ್ಷೆಗೆ ರಕ್ತ ಕೊಟ್ಟೆ. ಏನೂ ಇಲ್ಲವೆಂದು ಬಂತು, ಬೀದಿಯಲ್ಲಿ ಓಡಾಡುವ ಯಾರಿಗೂ ಇರುವಷ್ಟೇ ಇದೆಯಂತೆ. ಆದರೂ ತುರ್ತು ವಾರ್ಡಿನ ಬೆಂಚಿನ ಮೇಲೆ ಕತ್ತಲಾಗುವವರೆಗೆ ಕೂತಿದ್ದೆ. ಅಲ್ಲಿ ನೀನು ಡ್ಯೂಟಿ ಮುಗಿಸಿ ಬಂದಾಗಿನ ವಾಸನೆ ಇತ್ತು. ನಿನ್ನ ವಯಸ್ಸಿನ ಒಬ್ಬ ಸಿಸ್ಟರು ಎರಡು ಸಲ ಬಂದು, ‘ಇನ್ನೂ ಯಾಕಮ್ಮ ಕೂತಿದೀಯಾ?’ ಎಂದು ಕೇಳಿದರು. ರಿಪೋರ್ಟಿಗೆ ಕಾಯ್ತಿದೀನಿ ಎಂದೆ. ರಿಪೋರ್ಟು ನನ್ನ ಕೈಯಲ್ಲೇ ಇತ್ತು.